ಟ್ಯಾಂಕರ್ ರೈಲು: ಹಳಿ ಪಕ್ಕದ ಮನೆಯವರು ತಪ್ಪದೆ ಓದಿ

ಎಲ್ಲರಿಗೂ ನಮಸ್ಕಾರ. ನಿನ್ನೆ ಸಂಜೆ ನಮ್ಮ ಓಣಿಯ ಇಬ್ಬರು ಹುಡುಗರು ನಿಂತಿದ್ದ ಟ್ಯಾಂಕರ್ ರೈಲಿನ ಏಣಿ ಹತ್ತಿ ಸೆಲ್ಫಿ ತೆಗೆಯುತ್ತಿದ್ದರು. ಗದರಿಸಿ ಇಳಿಸಿದೆ. ನನ್ನ ಎದೆ ಇನ್ನೂ ಡವಡವ ಅನ್ನುತ್ತಿದೆ. ಮೇಲಿನ ತಂತಿಯಲ್ಲಿ 25,000 ವೋಲ್ಟ್ ಕರೆಂಟ್ ಇರುತ್ತದೆ. ಮುಟ್ಟಲೇಬೇಕು ಅಂತಿಲ್ಲ, ಹತ್ತಿರ ಹೋದರೂ ಜೀವ ಹೋಗುತ್ತದೆ. ಮನೆಯಲ್ಲಿ ಮಕ್ಕಳಿಗೆ ಇವತ್ತೇ ಹೇಳಿ.

2025ರ ಜುಲೈ 13ರಂದು ತಮಿಳುನಾಡಿನ ತಿರುವಳ್ಳೂರಿನ ಹತ್ತಿರ ಡೀಸೆಲ್ ತುಂಬಿದ್ದ ಗೂಡ್ಸ್ ರೈಲಿಗೆ ಬೆಂಕಿ ಹತ್ತಿದ್ದು ನೆನಪಿದೆ ಅಲ್ವಾ? ಅದು ನಮ್ಮ ರಾಯಚೂರಿನ ಮೇಲೆ ಹೋಗುವ ಮುಂಬೈ-ಚೆನ್ನೈ ಲೈನೇ. ಅಕ್ಕಪಕ್ಕದ ಮನೆಯವರನ್ನು ಖಾಲಿ ಮಾಡಿಸಬೇಕಾಯಿತು.

ಸೋರಿಕೆ, ಘಾಟು ವಾಸನೆ ಕಂಡರೆ ಸುಮ್ನೆ ನೋಡುತ್ತಾ ನಿಲ್ಲಬೇಡಿ, ವಿಡಿಯೊ ಬೇಡವೇ ಬೇಡ. ಬೀಡಿ, ಒಲೆ ಆರಿಸಿ. ಗಾಳಿ ಯಾವ ಕಡೆಯಿಂದ ಬರುತ್ತಿದೆ ನೋಡಿ, ಸೋರುವ ಜಾಗದ ಹತ್ತಿರ ಹೋಗದೆ ಸುತ್ತು ಹಾಕಿಕೊಂಡು ಆ ಕಡೆಗೆ ದೂರ ಹೋಗಿ. ಎಲ್‌ಪಿಜಿ ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. ಚರಂಡಿ, ಹಳ್ಳದ ಕಡೆ ಇಳಿಯಬೇಡಿ. ದೂರ ಹೋದ ಮೇಲೆ 139 (ರೈಲ್ವೆ ಸಹಾಯವಾಣಿ) ಅಥವಾ 112ಕ್ಕೆ (ತುರ್ತು ಸೇವೆ) ಫೋನ್ ಮಾಡಿ. ಟ್ಯಾಂಕಿನ ಮೇಲೆ ನಾಲ್ಕಂಕಿಯ ನಂಬರ್ ದೂರದಿಂದಲೇ ಕಂಡಿದ್ದರೆ ಹೇಳಿ: 1203 ಅಂದರೆ ಪೆಟ್ರೋಲ್, 1005 ಅಂದರೆ ಅಮೋನಿಯಾ.

ಇನ್ನೊಂದು ಮಾತು. ಊರಿಗೆ ಹೋಗುವಾಗ ಪಟಾಕಿ, ಸಿಲಿಂಡರ್ ರೈಲಿನಲ್ಲಿ ಒಯ್ಯಬೇಡಿ. 1989ರ ರೈಲ್ವೆ ಕಾಯ್ದೆಯ 164ನೇ ಕಲಂ ಪ್ರಕಾರ 3 ವರ್ಷದವರೆಗೆ ಜೈಲು ಆಗಬಹುದು.