ಚಿನ್ನ ಅಗೆದವರು ಕೇಳಿದ ತುಂಡು ಜಮೀನು

ಸಂಘದ ಎಲ್ಲ ಬಂಧುಗಳಿಗೆ ನಮಸ್ಕಾರ.

ಊರಿನಿಂದ ಹಿರಿಯರು ಬಂದರೆ ಮೆಲ್ಬರ್ನ್‌ನಲ್ಲಿರುವ ನಾವೆಲ್ಲ ಒಂದು ಶನಿವಾರ ಬ್ಯಾಲರಾಟ್ ಕಡೆಗೆ ಹೊರಡುತ್ತೇವೆ. ಹಳೆಯ ಚಿನ್ನದ ಕಾಲದ ಊರಿನ ಹಾಗೆ ಕಟ್ಟಿಟ್ಟಿರುವ ಸಾವರಿನ್ ಹಿಲ್‌ನ ತೊರೆಯಲ್ಲಿ ಅಕ್ಕಿ ಜಾಲಿಸಿದ ಹಾಗೆ ಮರಳು ಜಾಲಿಸುತ್ತೇವೆ. ಕಂಡೂ ಕಾಣದ ಚಿನ್ನದ ಚೂರನ್ನು ಪುಟ್ಟ ಸೀಸೆಗೆ ಹಾಕಿಕೊಂಡು ಬರುತ್ತೇವೆ. ಕಳೆದ ತಿಂಗಳು ನಾನೂ ಮಾವನವರನ್ನು ಕರೆದುಕೊಂಡು ಹೋಗಿದ್ದೆ. ಅವರು ಜೀವನಪೂರ್ತಿ ಬೇಸಾಯ ಮಾಡಿದವರು. ಚಿನ್ನದ ಕಡೆ ಅವರ ಮನಸ್ಸು ಹೋಗಲೇ ಇಲ್ಲ. ಒಂದು ಸುತ್ತು ಹಾಕಿ ಬಂದು, "ಇಷ್ಟು ಜನ ಬಂದು ಅಗೆದರಲ್ಲ, ಜಮೀನು ಯಾರ ಹೆಸರಲ್ಲಿತ್ತಮ್ಮಾ?" ಅಂತ ಕೇಳಿದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಬಂದ ಮೇಲೆ ಓದಲು ಕೂತೆ. ಓದಿದಷ್ಟೂ ಅವರ ಪ್ರಶ್ನೆಯೇ ಸರಿಯಾದ ಪ್ರಶ್ನೆ ಅನ್ನಿಸಿತು. ಈ ತಿಂಗಳ ಸಂಪಾದಕೀಯ ಅವರಿಗೆ ಕೊಡುತ್ತಿರುವ ಉತ್ತರ.

ನಮ್ಮ ಮೆಲ್ಬರ್ನ್ ಇರುವ ವಿಕ್ಟೋರಿಯಾ ಬೇರೆ ವಸಾಹತಾಗಿದ್ದು 1851ರ ಜುಲೈ 1ರಂದು. ಅದೇ ವರ್ಷ ಕ್ಲೂನ್ಸ್, ಬ್ಯಾಲರಾಟ್, ಬೆಂಡಿಗೋ ಸುತ್ತ ಚಿನ್ನ ಸಿಕ್ಕಿತು. ಆಗ ಇಡೀ ವಸಾಹತಿನಲ್ಲಿ ಸುಮಾರು 77,000 ಜನ ಇದ್ದರು. ಹತ್ತು ವರ್ಷದಲ್ಲಿ ಅದು 5 ಲಕ್ಷ 40 ಸಾವಿರದ ಹತ್ತಿರ ಹೋಯಿತು. ಇವರೆಲ್ಲ ಬಂದು ಡೇರೆ ಹಾಕಿದ ನೆಲ ಬ್ರಿಟಿಷ್ ಕಾನೂನಿನ ಲೆಕ್ಕದಲ್ಲಿ ಕ್ರೌನ್ ಜಮೀನು, ಅಂದರೆ ರಾಣಿಯ ಜಮೀನು. ನಮ್ಮ ಕಡೆ ಸರ್ಕಾರಿ ಜಮೀನು ಅನ್ನುತ್ತೇವಲ್ಲ, ಹಾಗೆ.

ಆದರೆ ಸರ್ಕಾರಿ ಜಮೀನು ಖಾಲಿ ಇರಲಿಲ್ಲ. ಚಿನ್ನ ಸಿಗುವುದಕ್ಕೆ ಹದಿನೈದು ವರ್ಷ ಮೊದಲೇ ಕುರಿ ಹಿಂಡಿನವರು ಬಂದು ಕೂತಿದ್ದರು. ಸ್ಕ್ವಾಟರ್ ಎಂದು ಅವರಿಗೆ ಹೆಸರು. ನಮ್ಮಲ್ಲಿ ಬಗರ್ ಹುಕುಂ ಅಂದರೆ ಒಂದೆರಡು ಎಕರೆ ಉತ್ತು ಬದುಕುವ ಬಡವ ಕಣ್ಣ ಮುಂದೆ ಬರುತ್ತಾನೆ. ಇಲ್ಲಿ ಅಪ್ಪಣೆ ಇಲ್ಲದೆ ಕೂತವರೇ ದೊಡ್ಡ ಕುಳಗಳಾದರು. 1847ರ ಆದೇಶ ಅವರಿಗೆ ಗುತ್ತಿಗೆಯ ಹಕ್ಕು ಕೊಟ್ಟಿತು. 4,000 ಕುರಿ ಮೇಯುವಷ್ಟು ನೆಲಕ್ಕೆ ವರ್ಷಕ್ಕೆ ಬಾಡಿಗೆ 10 ಪೌಂಡ್. ಅದೇ ನೆಲದಲ್ಲಿ 8 ಅಡಿಯದೋ 12 ಅಡಿಯದೋ ಒಂದು ಚೌಕದಲ್ಲಿ ಗುಂಡಿ ತೋಡುವವನು ಲೈಸೆನ್ಸಿಗೆ ಪ್ರತಿ ತಿಂಗಳೂ 30 ಶಿಲಿಂಗ್ ಕಟ್ಟಬೇಕು. ಪೌಂಡಿಗೆ 20 ಶಿಲಿಂಗ್. ಲೆಕ್ಕ ಹಾಕಿ ನೋಡಿ, ವರ್ಷಕ್ಕೆ 18 ಪೌಂಡ್ ಆಯಿತು. ಚಿನ್ನ ಸಿಗಲಿ, ಬಿಡಲಿ, ಕಟ್ಟಲೇಬೇಕು. ಈ ಲೆಕ್ಕ ಮೊದಲ ಸಲ ಹಾಕಿದಾಗ ನನಗೆ ನಿಜವಾಗಿಯೂ ಸಿಟ್ಟು ಬಂತು.

ನಾವು ಓದುವ ಇತಿಹಾಸ ಸಾಮಾನ್ಯವಾಗಿ ಈ ಲೈಸೆನ್ಸಿನ ಸುತ್ತಲೇ ಸುತ್ತುತ್ತದೆ. ಜಮೀನಿನ ಮಾತು ಹಿಂದೆ ಉಳಿಯುತ್ತದೆ. ಆದರೆ ಅಗೆಯುವವರು ಅದನ್ನು ಮರೆತಿರಲಿಲ್ಲ. 1853ರಲ್ಲಿ ಬೆಂಡಿಗೋದವರು ಬರೆದ ಅರ್ಜಿ ನಮ್ಮ ಮೆಲ್ಬರ್ನ್‌ನ ಸ್ಟೇಟ್ ಲೈಬ್ರರಿಯ ಸಂಗ್ರಹದಲ್ಲಿ ಇವತ್ತಿಗೂ ಇದೆ. ಹಸಿರು ರೇಷ್ಮೆ ಕಟ್ಟಿದ, ಸುಮಾರು 13 ಮೀಟರ್ ಉದ್ದದ ಸುರುಳಿ. ಅದರಲ್ಲಿ 5,000ಕ್ಕೂ ಹೆಚ್ಚು ಜನರ ಸಹಿ. ಆಗಸ್ಟ್ 1ರಂದು ಅದು ಗವರ್ನರ್ ಲಾ ಟ್ರೋಬ್ ಕೈ ಸೇರಿತು. ಲೈಸೆನ್ಸ್ ಶುಲ್ಕ ತಿಂಗಳಿಗೆ 10 ಶಿಲಿಂಗ್‌ಗೆ ಇಳಿಸಿ ಎಂಬ ಬೇಡಿಕೆ ಎಲ್ಲರಿಗೂ ಗೊತ್ತು. ಅದರ ಜೊತೆಗೇ ಇನ್ನೊಂದು ಬೇಡಿಕೆ ಇತ್ತು. ಚಿನ್ನದ ಸೀಮೆಯಲ್ಲಿ ಇರುವವರು ಬೇಸಾಯ ಮಾಡಬೇಕೆಂದರೆ, ತಾವು ದುಡಿದ ಹಣವನ್ನು ಚಿಕ್ಕ ಚಿಕ್ಕ ತುಂಡು ಜಮೀನಿಗೆ ಹಾಕಲು ದಾರಿ ಮಾಡಿಕೊಡಿ ಎಂದು.

ನಾನು ಇಲ್ಲಿ ಬಹಳ ಹೊತ್ತು ನಿಂತೆ. ಕಾಲ ಕೆಳಗೆ ಚಿನ್ನ ಸಿಗುವ ಜಾಗದಲ್ಲಿ ನಿಂತು ಈ ಜನ ಹೊಲ ಕೇಳುತ್ತಿದ್ದಾರೆ. ಆಲೂಗಡ್ಡೆ ಹಾಕಲು, ಒಂದು ಹಸು ಕಟ್ಟಲು, ಡೇರೆ ತೆಗೆದು ಗೋಡೆ ಎಬ್ಬಿಸಲು ಒಂದು ತುಂಡು ಮಣ್ಣು. ಮೇಲುಮಣ್ಣಿನ ಚಿನ್ನ ಬೇಗ ಮುಗಿಯುತ್ತದೆ ಅಂತ ಅವರಿಗೆ ಗೊತ್ತಿತ್ತು. ಆಮೇಲೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು?

ಕೊಳ್ಳೋಣ ಅಂದರೆ ಸುಲಭವಿರಲಿಲ್ಲ. ಮೊದಲು ಸರ್ವೇಯರ್ ಬಂದು ಅಳೆಯಬೇಕು. ಆಮೇಲೆ ಸರ್ಕಾರಿ ಗೆಜೆಟ್‌ನಲ್ಲಿ ಪ್ರಕಟಣೆ ಬರಬೇಕು. ನಂತರ ಹರಾಜು. ಎಕರೆಗೆ 1 ಪೌಂಡ್‌ನಿಂದ ಕೂಗು ಶುರು. ದುಡ್ಡಿದ್ದವನು ಕೂಗಿ ಮೇಲೆ ಹೋಗುತ್ತಿದ್ದ, ಗುಂಡಿಯಲ್ಲಿದ್ದವನು ಅಲ್ಲೇ ಉಳಿಯುತ್ತಿದ್ದ. ಕುರಿಯವರಿಗಾದರೆ ಮನೆ ಇರುವ 640 ಎಕರೆಯನ್ನು ಹರಾಜಿಲ್ಲದೆ ಮೊದಲು ಕೊಳ್ಳುವ ಹಕ್ಕಿತ್ತು.

ಮುಂದಿನ ಸಲ ಬ್ಯಾಲರಾಟ್‌ಗೆ ಹೋದಾಗ ಬೀದಿಗಳನ್ನು ಸ್ವಲ್ಪ ಗಮನಿಸಿ. ಪಶ್ಚಿಮಕ್ಕೆ ಸ್ಟರ್ಟ್ ಸ್ಟ್ರೀಟ್ ನೂಲು ಹಿಡಿದ ಹಾಗೆ ನೇರವಾಗಿದೆ, ಅಗಲವಾಗಿದೆ. ಅರ್ಕ್‌ಹಾರ್ಟ್ ಎಂಬ ಸರ್ವೇಯರ್ ಅಳೆದು ಗೆರೆ ಎಳೆದ ಊರು ಅದು. ಪೂರ್ವಕ್ಕೆ ಮೇನ್ ರೋಡ್ ಅಂಕುಡೊಂಕು. ಅಲ್ಲಿ ಅಗೆಯುವವರು ಗುಂಡಿಗಳನ್ನು ತಪ್ಪಿಸಿಕೊಂಡು ನಡೆದ ಕಾಲುದಾರಿಯೇ ರಸ್ತೆಯಾಯಿತು. ಮಾರಾಟವಾದ ನೆಲ ಯಾವುದು, ಸುಮ್ನೆ ಕೂತು ನೆಲೆಯಾದ ನೆಲ ಯಾವುದು ಅಂತ ನಡೆಯುವಾಗಲೇ ಕಾಲಿಗೆ ಗೊತ್ತಾಗುತ್ತದೆ.

ಬ್ಯಾಲರಾಟ್‌ನ ಅಗೆಯುವವರು ಲೈಸೆನ್ಸಿನ ವಿರುದ್ಧ ತಿರುಗಿಬಿದ್ದ 1854ರ ಡಿಸೆಂಬರ್ 3ರ ಯುರೇಕಾ ದಂಗೆಯ ಕಥೆ ನಮ್ಮ ಮಕ್ಕಳು ಶಾಲೆಯಲ್ಲಿ ಓದುತ್ತಾರೆ, ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಆಮೇಲೆ ನಡೆದ ತನಿಖಾ ಆಯೋಗ ಜನರ ಸಿಟ್ಟಿಗೆ ಹೇಳಿದ ಕಾರಣಗಳು ಮೂರು: ಲೈಸೆನ್ಸ್, ಮತದ ಹಕ್ಕು ಇಲ್ಲದಿರುವುದು, ಮತ್ತು ಜಮೀನು ಸಿಗದಿರುವುದು. ಮೊದಲ ಎರಡಕ್ಕೆ 1855ರಲ್ಲೇ ಪರಿಹಾರ ಬಂತು. ವರ್ಷಕ್ಕೆ 1 ಪೌಂಡ್ ಕೊಟ್ಟರೆ 'ಮೈನರ್ಸ್ ರೈಟ್' ಎಂಬ ಚೀಟಿ. ಅದಿದ್ದರೆ ಅಗೆಯಬಹುದು, ಮತ ಹಾಕಬಹುದು, ಕ್ರೌನ್ ಜಮೀನಿನಲ್ಲಿ ಒಂದು ಗುಡಿಸಲು ಕಟ್ಟಿಕೊಂಡು ಇರಬಹುದು. ಇರಬಹುದು ಅಷ್ಟೇ. ನೆಲ ಅವರದಲ್ಲ.

ಮೂರನೆಯದಕ್ಕೆ ಇನ್ನೂ ಹತ್ತು ವರ್ಷ ಬೇಕಾಯಿತು. ಜನರಿಗೆ ಜಮೀನು ಬಿಟ್ಟುಕೊಡಿ ಎಂದು ಮೆಲ್ಬರ್ನ್‌ನಲ್ಲಿ ಸಭೆಗಳಾದವು. 1860ರ ಆಗಸ್ಟ್ 28ರಂದು ಜನ ಪಾರ್ಲಿಮೆಂಟ್ ಕಟ್ಟಡದ ಮೇಲೇ ನುಗ್ಗಿದರು. ಕಾನೂನುಗಳು ಬಂದವು. 1862ರ ಡಫಿ ಕಾನೂನು ಒಂದು ಕೋಟಿ ಎಕರೆ ತೆಗೆದಿಟ್ಟಿತು. ಆದರೆ ಕುರಿಯವರು ಬೇನಾಮಿ ಹೆಸರಲ್ಲಿ ಅರ್ಜಿ ಹಾಕಿಸಿ ಒಳ್ಳೆಯ ನೆಲದಲ್ಲಿ ಬಹುಪಾಲು ಹೊಡೆದುಕೊಂಡರು. ಬೇನಾಮಿ ಏನೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಕೊನೆಗೆ ಬಾಗಿಲು ತೆಗೆದದ್ದು 1865ರ ಕಾನೂನಿನ 42ನೇ ಕಲಂ. ತಂದವರು ಜೇಮ್ಸ್ ಮೆಕ್‌ಫರ್ಸನ್ ಗ್ರಾಂಟ್. ಯುರೇಕಾದಲ್ಲಿ ಬಂಧಿತರಾದವರ ಪರವಾಗಿ ದುಡ್ಡು ತೆಗೆದುಕೊಳ್ಳದೆ ಕೆಲಸ ಮಾಡಿದ ವಕೀಲರು ಇವರೇ. ಚಿನ್ನದ ಸೀಮೆಯ ಒಳಗೆ, ಅದರ ಅಂಚಿನಲ್ಲಿ 20 ಎಕರೆಯವರೆಗೆ ಲೈಸೆನ್ಸ್ ಮೇಲೆ ಉಳಲು ಬಿಟ್ಟರು. ಹರಾಜು ಬೇಡ, ದರಖಾಸ್ತು ಹಾಕಿದರೆ ಸಾಕು. ಬೇಲಿ ಹಾಕಿ, ಉತ್ತು ತೋರಿಸಿದವರಿಗೆ ಮುಂದೆ ಅದೇ ಜಮೀನು ಕೊಳ್ಳುವ ದಾರಿ ಆಯಿತು. ನಮ್ಮ ಸಾಗುವಳಿ ಚೀಟಿ ನೆನಪಾಯಿತು ನನಗೆ. ಗಡಿಯ ಅಳತೆಯನ್ನು ಗ್ರಾಂಟ್ ಧಾರಾಳವಾಗಿ ಹಿಗ್ಗಿಸಿದರು. ಹತ್ತು ಮೈಲಿ ಅಂದದ್ದು ಮೂವತ್ತು ಮೈಲಿಯಾಯಿತು. ಕಾನೂನನ್ನು ಹೀಗೆ ಎಳೆಯಬಾರದು ಅಂತ ವಾದಿಸಿದವರಿದ್ದರು. ನನ್ನ ಮಟ್ಟಿಗೆ ಅವರು ಎಳೆದದ್ದು ಸರಿಯಾದ ಕಡೆಗೇ.

ಒಂದು ಗಂಟು ಮಾತ್ರ ಬಿಚ್ಚಲಾಗಲಿಲ್ಲ. ಜಮೀನು ಬೇಕು ಅಂದ ಅಗೆಯುವವರಲ್ಲೇ ಎಷ್ಟೋ ಜನ ಚಿನ್ನವಿರುವ ನೆಲ ಮಾರಬೇಡಿ ಎಂದೂ ಕೂಗಿದರು. ಇವತ್ತು ಒಬ್ಬ ಬೇಲಿ ಹಾಕಿದರೆ ನಾಳೆ ಅದರೊಳಗಿನ ಚಿನ್ನಕ್ಕೆ ಕೈ ಹಾಕುವ ಹಾಗಿಲ್ಲ. ಎರಡೂ ಮಾತು ನ್ಯಾಯವೇ. 1877ರಲ್ಲಿ ವಸಾಹತುಗಳ ಕೊನೆಯ ಮೇಲ್ಮನವಿ ಕೇಳುತ್ತಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್, ಜಮೀನು ಮಾರಿದರೂ ಒಳಗಿನ ಚಿನ್ನ ಕ್ರೌನಿನದೇ ಎಂದು ತೀರ್ಪು ಕೊಟ್ಟಿತು. ಇಂದಿಗೂ ವಿಕ್ಟೋರಿಯಾದಲ್ಲಿ ಹಾಗೇ ಇದೆ. ಟಾರ್ನೀಟ್‌ನಲ್ಲೋ ಮೆಲ್ಟನ್‌ನಲ್ಲೋ ನೀವು ಕೊಂಡ ಸೈಟಿನ ನಕ್ಷೆ ತೆಗೆದು ನೋಡಿ. ಮೂಲೆಯಲ್ಲಿ 'ಪ್ಯಾರಿಷ್', 'ಕ್ರೌನ್ ಅಲಾಟ್‌ಮೆಂಟ್' ಎಂಬ ಪದಗಳು ಕಾಣುತ್ತವೆ. ಈ ರಾಜ್ಯದ ಎಲ್ಲ ಖಾಸಗಿ ಜಮೀನೂ ಒಂದು ದಿನ ಹೀಗೇ ಕ್ರೌನ್ ಕೈಯಿಂದ ಬಿಡುಗಡೆಯಾಗಿ ಬಂದದ್ದು.

ಕ್ರೌನ್ ಕೈಗೆ ಅದು ಬಂದದ್ದು ಹೇಗೆ? ಮಾವನವರ ಪ್ರಶ್ನೆಯ ನಿಜವಾದ ಉತ್ತರ ಇಲ್ಲಿದೆ. ಬೆಂಡಿಗೋ, ಕ್ಯಾಸಲ್‌ಮೈನ್ ಸುತ್ತಲಿನದು ಇಲ್ಲಿನ ಮೂಲನಿವಾಸಿಗಳಾದ ಜಾ ಜಾ ವುರುಂಗ್ ಜನರ ನೆಲ. ಬ್ಯಾಲರಾಟ್ ವಾಡವುರುಂಗ್ ಜನರದು. ಇಂಗ್ಲಿಷ್ ಕಾನೂನು ಇದನ್ನೆಲ್ಲ ಪಾಳು ಜಮೀನು ಎಂದು ಕರೆಯಿತು. ಅಲ್ಲಿ ಮರ್ನಾಂಗ್ ಎಂಬ ಗೆಡ್ಡೆ ಬೆಳೆಯುತ್ತಿತ್ತು, ಹೆಂಗಸರು ಕೋಲಿನಿಂದ ಅಗೆದು ತೆಗೆದು ಸುಟ್ಟು ತಿನ್ನುತ್ತಿದ್ದರು. ಅದು ಅವರ ಅನ್ನ. ಮೊದಲು ಕುರಿಗಳು ಬಂದು ಗೆಡ್ಡೆ ತಿಂದವು. ಆಮೇಲೆ ಚಿನ್ನದವರು ಬಂದು ಮಣ್ಣನ್ನೇ ತಿರುವಿ ಹಾಕಿದರು. ಅಗೆದು ಬಿಟ್ಟ ಆ ಪ್ರದೇಶವನ್ನು ಜಾ ಜಾ ವುರುಂಗ್ ಜನ ಬುಡಮೇಲಾದ ನಾಡು ಎನ್ನುತ್ತಾರೆ. ಗೆಜೆಟ್‌ನ ಪ್ರಕಟಣೆ, ಹರಾಜು, 42ನೇ ಕಲಂ, ಇದ್ಯಾವುದರಲ್ಲೂ ಅವರನ್ನು ಯಾರೂ ಕೇಳಲಿಲ್ಲ. ಬಡ ಅಗೆತಗಾರನ ಬಗ್ಗೆ ನನಗಿರುವ ಪ್ರೀತಿ ಕಡಿಮೆಯಾಗಿಲ್ಲ. ಆದರೂ ಅವನು ನ್ಯಾಯವಾಗಿ ಕೇಳಿದ ತುಂಡು ಜಮೀನು ಇನ್ನೊಬ್ಬರ ಮನೆಯಂಗಳ. ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಕಷ್ಟ, ಇಟ್ಟುಕೊಳ್ಳಲೇಬೇಕು. 2013ರಲ್ಲಿ ರಾಜ್ಯ ಸರ್ಕಾರ ಜಾ ಜಾ ವುರುಂಗ್ ಜನರ ಜೊತೆ ಒಪ್ಪಂದ ಮಾಡಿಕೊಂಡು ಅವರೇ ಆ ನೆಲದ ಮೂಲ ಒಡೆಯರು ಎಂದು ಒಪ್ಪಿತು. ಕೆಲವು ಉದ್ಯಾನಗಳ ಒಡೆತನವೂ ಅವರಿಗೆ ಮರಳಿತು.

ಇದನ್ನೆಲ್ಲ ಓದುವಾಗ ನನ್ನ ಮನಸ್ಸು ಪದೇ ಪದೇ ಕೋಲಾರಕ್ಕೆ ಹೋಗುತ್ತಿತ್ತು. ನಂಟು ನಾನು ಕಟ್ಟಿದ್ದಲ್ಲ, ಇದ್ದದ್ದೇ. ಬೆಂಗಳೂರಿನ ಲ್ಯಾವೆಲ್ ರೋಡ್ ಯಾರ ಹೆಸರಿನದೋ ಆ ಮೈಕೆಲ್ ಲ್ಯಾವೆಲ್ ನಮ್ಮ ಪಕ್ಕದ ನ್ಯೂಜಿಲೆಂಡ್‌ನಲ್ಲಿ ಸೈನಿಕನಾಗಿದ್ದವನು. ಅಲ್ಲಿಂದ 1871ರಲ್ಲಿ ಬೆಂಗಳೂರಿಗೆ ಬಂದು, 1875ರಲ್ಲಿ ಕೋಲಾರದಲ್ಲಿ ಅಗೆಯುವ ಅಪ್ಪಣೆ ಪಡೆದ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. ಆಮೇಲೆ ಅಲ್ಲಿ ಒಬ್ಬೊಬ್ಬನೇ ಗುಂಡಿ ತೋಡುವ ಮಾತೇ ಇರಲಿಲ್ಲ, ಎಲ್ಲ ಕಂಪನಿಯದೇ. ನೆಲ ಕಂಪನಿಯ ಗುತ್ತಿಗೆಯದು, ಮನೆ ಕಂಪನಿ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ ಲೈನಿನದು. ಮೂರು ಕಿಲೋಮೀಟರ್‌ಗಿಂತ ಆಳಕ್ಕೆ ಇಳಿದು ದುಡಿದವರಿಗೆ ಮೇಲೆ ಒಂದು ತುಂಡು ನೆಲ ಸ್ವಂತವಾಗಲಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ, ನಾಲ್ಕು ತಲೆಮಾರು ಬಾಳಿದ ಆ ಲೈನ್ ಮನೆಗಳು ಯಾರ ಹೆಸರಲ್ಲಿ ಎಂಬ ಪ್ರಶ್ನೆ ಎದುರಿಗೆ ಬಂದು ನಿಂತಿತು. ಬೆಂಡಿಗೋದ ಅರ್ಜಿಗೆ ಸಿಕ್ಕಂಥ ಉತ್ತರ, ಅದೆಷ್ಟೇ ತಡವಾಗಿ ಸಿಕ್ಕಿದ್ದಿರಲಿ, ಕೆಜಿಎಫ್‌ನವರಿಗೂ ಸಿಗಬೇಕಿತ್ತು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ನಮ್ಮ ಸಂಘದಲ್ಲಿ ಕೆಜಿಎಫ್‌ನಲ್ಲಿ ಹುಟ್ಟಿ ಬೆಳೆದವರು ಇದ್ದೀರಿ. ದಸರಾ ಕಾರ್ಯಕ್ರಮದ ಊಟದ ಸಾಲಿನಲ್ಲಿ ನಿಮ್ಮಲ್ಲಿ ಇಬ್ಬರು ಲೈನ್ ಮನೆಯ ಬಾಗಿಲ ಬಣ್ಣದ ಬಗ್ಗೆ ಮಾತಾಡಿಕೊಂಡದ್ದು ನನ್ನ ಕಿವಿಗೆ ಬಿದ್ದಿತ್ತು. ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟ ನಿಮಗಾಗಿ ಇಟ್ಟಿದ್ದೇನೆ. ನಿಮ್ಮ ಮನೆಯ ನೆನಪು ಬರೆದು ಕಳಿಸಿ. ಬರೆಯಲು ಆಗದಿದ್ದರೆ ಫೋನಿನಲ್ಲಿ ಹೇಳಿ, ನಾನೇ ಬರೆದುಕೊಳ್ಳುತ್ತೇನೆ. ಹಳೆಯ ಫೋಟೋ, ಕಂಪನಿ ಕೊಟ್ಟ ಚೀಟಿ, ಏನಿದ್ದರೂ ಜೋಪಾನವಾಗಿ ನಕಲು ಮಾಡಿ ವಾಪಸ್ ಕೊಡುತ್ತೇವೆ.

ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ ಕ್ಯಾಸಲ್‌ಮೈನ್ ಮತ್ತು ಪಕ್ಕದ ಚ್ಯೂಟನ್‌ಗೆ ಎಲ್ಲರೂ ಸೇರಿ ಹೋಗೋಣ ಎಂದುಕೊಂಡಿದ್ದೇವೆ. ಅಗೆದು ಬಿಟ್ಟ ಗುಂಡಿಗಳ ನಡುವೆ ಬಿದ್ದ ಕಲ್ಲಿನ ಗೋಡೆಗಳು, ಒಲೆಯ ಗೂಡುಗಳು ಅಲ್ಲಿ ಇನ್ನೂ ಉಳಿದಿವೆ. ಗಟ್ಟಿ ಬೂಟು ಹಾಕಿಕೊಂಡು ಬನ್ನಿ, ಹಳೇ ಗುಂಡಿಗಳು ಬಹಳ ಆಳ, ಮಕ್ಕಳ ಕೈ ಬಿಡಬೇಡಿ. ಬುತ್ತಿ ಕಟ್ಟುವ ಜವಾಬ್ದಾರಿ ಸಂಘದ್ದು. ಮಾವನವರು ಊರಿಗೆ ಹೋಗುವ ಟಿಕೆಟ್ಟನ್ನು ಹದಿನೈದು ದಿನ ಮುಂದಕ್ಕೆ ಹಾಕಿಸಿದ್ದಾರೆ.