ಫಲಿತಾಂಶದ ತಿಂಗಳಿಗೆ ಮುಂಚೆ ಕೋಣೆಗೆ ಸೂರಾಗಬೇಕು, ಸಂಗಾತಿಗಳು ಉಳಿಯಬೇಕು: ದಾನಿಗಳಲ್ಲಿ ಮನವಿ

ಕುಷ್ಟಗಿ ಸೀಮೆಯ ದಾನಿಗಳಿಗೆ, ಬೆಂಗಳೂರು, ಪುಣೆ, ಗೋವಾ ಸೇರಿದ ನಮ್ಮೂರ ಮಕ್ಕಳಿಗೆ ಟ್ರಸ್ಟಿನ ಧರ್ಮದರ್ಶಿಗಳ ಶರಣು ಶರಣಾರ್ಥಿ.

ನಮ್ಮ ಯುವಜನ ಕೇಂದ್ರವನ್ನು ನಿಮಗೆ ಹೊಸದಾಗಿ ಪರಿಚಯಿಸಬೇಕಿಲ್ಲ. ಹೋದ ಮಳೆಗಾಲದಲ್ಲಿ ಆಪ್ತಸಮಾಲೋಚನೆ ಕೋಣೆಯ ತಗಡು ಕಿತ್ತುಹೋಯಿತು. ಅಂದಿನಿಂದ ಪಡಸಾಲೆಯಲ್ಲೇ ಕೂತು ಮಾತಾಡಬೇಕಾಗಿದೆ. ನಾಲ್ಕು ಮಂದಿಯ ಕಿವಿಗೆ ಬೀಳುವ ಜಾಗದಲ್ಲಿ ಯಾವ ಹುಡುಗಿ ತನ್ನ ಸಂಕಟ ಬಿಚ್ಚಿ ಹೇಳಿಯಾಳು? ಎಷ್ಟೋ ಮಂದಿ ಬಾಗಿಲಿಗೆ ಬಂದು ಹಾಗೇ ತಿರುಗಿ ಹೋಗುತ್ತಿದ್ದಾರೆ. ಇದರ ಮೇಲೆ, ಮನೆಮನೆಗೆ ಹೋಗಿ ಯುವಜನರ ಮನಸ್ಸಿನ ಸಂಕಟ ಕೇಳುವ ನಮ್ಮ ಕಾರ್ಯಕರ್ತರಾದ ಸಂಗಾತಿಗಳ ಗೌರವಧನಕ್ಕೆ ಬರುತ್ತಿದ್ದ ನೆರವು ಮಾರ್ಚ್ 31ಕ್ಕೆ ಮುಗಿಯುತ್ತದೆ. ಅಲ್ಲಿಂದ ಮುಂದಿನ ದಿನಗಳೇ ಪಿಯುಸಿ, ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನಗಳು.

ಈ ಭಾಗವನ್ನು ಹಿಂದುಳಿದದ್ದು ಎನ್ನುವವರಿಗೆ ಒಂದು ವಿಷಯ ನೆನಪಿಸಲೇಬೇಕು. 1985ರಿಂದ 1990ರವರೆಗೆ ನಿಮ್ಹಾನ್ಸ್ ಸಂಸ್ಥೆ ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಗೆ ಹಳ್ಳಿಯ ಹತ್ತಿರವೇ ಔಷಧ ಸಿಗುವ ಹಾಗೆ ಮಾಡಿತು. ಆ ಬಳ್ಳಾರಿ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾಯಿತು. ಹಳ್ಳಿಯ ಸಾಮಾನ್ಯ ಕಾರ್ಯಕರ್ತರಿಂದಲೂ ಈ ಕೆಲಸ ಸಾಧ್ಯ ಎಂದು ದೇಶಕ್ಕೆ ತೋರಿಸಿದ್ದು ಈ ನೆಲ. ನಮ್ಮ ಸಂಗಾತಿಗಳು ಅದೇ ದಾರಿಯಲ್ಲಿ ನಡೆಯುತ್ತಿರುವವರು.

ಸಂಗಾತಿಗಳು ಹನ್ನೆರಡು ಮಂದಿ. ಹನುಮಸಾಗರ, ತಾವರಗೇರಾ, ದೋಟಿಹಾಳ ಕಡೆಯ ಹಳ್ಳಿಗಳವರೇ, ಪಿಯುಸಿ ಅಥವಾ ಡಿಗ್ರಿ ಓದಿದವರು. ಹುಡುಗಿಯರ ಮನೆಗೆ ಹೆಣ್ಣುಮಕ್ಕಳೇ ಹೋಗುತ್ತಾರೆ. ಊರ ಕಟ್ಟೆಯ ಮೇಲೆ ಮಾತು ತೆಗೆಯುವುದಿಲ್ಲ. ಹೊಲದ ಬದು, ಇಲ್ಲವೇ ಮನೆಯ ಹಿತ್ತಲು. ಮೊದಲು ನಿದ್ದೆ, ಊಟ, ಕೆಲಸದ ಬಗ್ಗೆ ಕೇಳಿ, ಆಮೇಲೆ ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಹಾಳೆ ತುಂಬುತ್ತಾರೆ. ಪ್ರತಿ ಪ್ರಶ್ನೆಗೆ 0ಯಿಂದ 3, ಒಟ್ಟು 27. ಮೊತ್ತ 10 ಅಥವಾ ಅದಕ್ಕಿಂತ ಹೆಚ್ಚಾದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ನೋಡುವ ಮನೋಚೈತನ್ಯ ಮಂಗಳವಾರಕ್ಕೆ ಕರೆದೊಯ್ಯುತ್ತಾರೆ. ಒಂಬತ್ತನೆಯದು ಸಾವಿನ ಯೋಚನೆಯ ಪ್ರಶ್ನೆ. ಅದಕ್ಕೆ ಸೊನ್ನೆ ಬಿಟ್ಟು ಬೇರೆ ಉತ್ತರ ಬಂದರೆ ಮಂಗಳವಾರದ ತನಕ ಕಾಯುವುದಿಲ್ಲ. ಅಂದೇ ಮನೆಯ ಒಬ್ಬ ಹಿರಿಯರಿಗೆ ತಿಳಿಸಿ, ಒಂಟಿಯಾಗಿ ಬಿಡದಂತೆ ನೋಡಿಕೊಂಡು, ಕೂತಲ್ಲಿಂದಲೇ 14416ಕ್ಕೆ ಫೋನ್ ಹಚ್ಚುತ್ತಾರೆ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತು ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತೆ ಎಂದು ಅನೇಕ ತಂದೆತಾಯಿ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದಾಗಲೇ ಮಕ್ಕಳು ಎದೆಯ ಭಾರ ಇಳಿಸುತ್ತಾರೆ.

ಕೆಲಸ ಕೆಡುವುದು ಹೆಚ್ಚಾಗಿ ಎರಡನೇ ವಾರದಲ್ಲಿ. ಖಿನ್ನತೆಯ ಗುಳಿಗೆ ಹಿಡಿಯಲು ಎರಡರಿಂದ ನಾಲ್ಕು ವಾರ ಬೇಕು. ಹೊಟ್ಟೆ ತೊಳಸುವುದು, ತಲೆನೋವು ಮಾತ್ರ ಮೊದಲ ದಿನಗಳಲ್ಲೇ ಬರುತ್ತವೆ. "ಗುಳಿಗಿ ಹೀಟ್ ಆಗ್ತಾವ, ಬಿಡ್ರಿ" ಎಂದು ಮನೆಯವರೇ ನಿಲ್ಲಿಸಿಬಿಡುತ್ತಾರೆ. ಅದಕ್ಕೇ ಹತ್ತು ದಿನದೊಳಗೆ ಸಂಗಾತಿ ಮತ್ತೆ ಆ ಮನೆಯ ಹೊಸ್ತಿಲು ತುಳಿಯಬೇಕು. ಊಟವಾದ ಮೇಲೆ ಕೊಡಿ, ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ ಎಂದು ಅವ್ವನಿಗೆ ತಿಳಿಸಿ ಹೇಳಬೇಕು. ಚೇತರಿಸಿಕೊಂಡ ಮೇಲೂ ಗುಳಿಗೆ ತಿಂಗಳುಗಟ್ಟಲೆ ನಡೆಯಬೇಕು. ಅಷ್ಟರಲ್ಲಿ ಗುಳೆ ಬರುತ್ತದೆ. ಊರು ಬಿಡುವವರ ಕೈಗೆ ಚೀಟಿಯ ನಕಲು, ತಿಂಗಳ ಗುಳಿಗೆ ಕೊಟ್ಟು, ಹೋದ ಊರಲ್ಲಿ ಯಾವ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಬೇಕೆಂದು ಬರೆದುಕೊಡುತ್ತೇವೆ. ಈ ಎರಡನೇ ಭೇಟಿಗೆ ಬೇಕಾದದ್ದು ಬಸ್ಸಿನ ಖರ್ಚು ಮತ್ತು ಬಿಡದೆ ಹೋಗುವ ಒಬ್ಬ ಮನುಷ್ಯ. ನಾವು ಬೇಡುತ್ತಿರುವುದೂ ಮುಖ್ಯವಾಗಿ ಅದಕ್ಕೇ.

ಬೆಳೆಗೆ ಹೊಡೆಯುವ ಎಣ್ಣೆಯನ್ನು, ಅಂದರೆ ಕೀಟನಾಶಕವನ್ನು, ಬೀಗದಲ್ಲಿಡುವ ಕೆಲಸವೂ ಸಂಗಾತಿಗಳದೇ. ಸಂಕಟದ ಗಳಿಗೆ ಬಹಳ ಹೊತ್ತು ಇರುವುದಿಲ್ಲ. ಆ ಗಳಿಗೆಯಲ್ಲಿ ಬಾಟಲಿ ಕೈಗೆಟುಕದಿದ್ದರೆ ಜೀವ ಉಳಿಯುತ್ತದೆ. ತಗಡಿನ ಟ್ರಂಕನ್ನು ದನದ ಕೊಟ್ಟಿಗೆಯ ಗೋಡೆಗೆ ಬೋಲ್ಟ್ ಹಾಕಿ ಬಿಗಿದು, ಕೀಲಿಯನ್ನು ಬೇರೆ ಮನೆಯ ಹಿರಿಯರ ಕೈಗೆ ಕೊಡುತ್ತೇವೆ. ಆದರೆ ಹೊಡೆಯುವ ಹಂಗಾಮಿನಲ್ಲಿ ಕೀಲಿ ಟ್ರಂಕಿನ ಪಕ್ಕದ ಮೊಳೆಗೇ ಬಂದು ನೇತಾಡುತ್ತದೆ, ಉಳಿದ ಅರ್ಧ ಬಾಟಲಿ ಜಂತಿಯ ಸಂದಿಗೆ ಸೇರುತ್ತದೆ. ಹಂಗಾಮು ಮುಗಿಯುವವರೆಗೆ ಸಂಗಾತಿ ಬಂದು ನೋಡುತ್ತಲೇ ಇರಬೇಕು. ಯಾರಾದರೂ ಕುಡಿದದ್ದು ತಿಳಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು. 108ಕ್ಕೆ ಕರೆಮಾಡಿ, ಬಾಟಲಿಯನ್ನೂ ಜೊತೆಗೆ ಒಯ್ಯಬೇಕು. ಇದನ್ನು ಪ್ರತಿ ಟ್ರಂಕಿನ ಮುಚ್ಚಳದ ಮೇಲೆ ಬರೆಸಿದ್ದೇವೆ.

ಫಲಿತಾಂಶಕ್ಕೆ ಮುಂಚೆ ಹಾಸ್ಟೆಲ್ಲು, ಶಾಲೆಗಳಲ್ಲಿ ಒಂದು ಚೀಟಿ ಹಂಚುತ್ತೇವೆ: ಪರೀಕ್ಷೆ-1 ಕೈಕೊಟ್ಟರೆ ಅದೇ ವರ್ಷ ಮತ್ತೆ ಬರೆಯಲು ಅವಕಾಶವಿದೆ ಎಂದು. ಇದು ಗೊತ್ತಿಲ್ಲದ ತಂದೆತಾಯಿ ಈಗಲೂ ಇದ್ದಾರೆ.

ಖರ್ಚು ಅಂದಾಜಿನಲ್ಲಿ ಹೇಳುತ್ತೇವೆ. ಒಬ್ಬ ಸಂಗಾತಿಗೆ ಗೌರವಧನ, ಬಸ್ಸು, ಪೆಟ್ರೋಲ್ ಸೇರಿ ತಿಂಗಳಿಗೆ ₹4,000. ಹನ್ನೆರಡು ಮಂದಿಗೆ ವರ್ಷಕ್ಕೆ ಆರು ಲಕ್ಷದ ಹತ್ತಿರ. ಒಂದು ಟ್ರಂಕಿಗೆ ಬೀಗ, ಬೋಲ್ಟು ಸೇರಿ ₹1,500 ಆಸುಪಾಸು. ಕೋಣೆಗೆ ಒಂದೂವರೆ ಲಕ್ಷ ಬೇಕಾದೀತು. ಹಳೆಯ ತಗಡಿಗೆ ಬರೀ ಮೊಳೆ ಹೊಡೆದಿದ್ದರು, ತೂತಿನಿಂದ ನೀರು ಇಳಿದು ಮರ ಕೊಳೆಯಿತು, ಗಾಳಿಗೆ ಕಿತ್ತುಬಂತು. ಈ ಸಲ ಕಬ್ಬಿಣದ ಪೈಪಿನ ಮೇಲೆ ಜೆ ಬೋಲ್ಟ್, ರಬ್ಬರ್ ವಾಷರ್ ಹಾಕಿ ಕೂರಿಸುತ್ತೇವೆ. ಮಳೆಯ ಸದ್ದಿಗೆ ಮಾತು ಕೇಳದಂತಾಗಬಾರದು, ಏಪ್ರಿಲ್ ಬಿಸಿಲಿಗೆ ಒಳಗೆ ಕೂರುವಂತಿರಬೇಕು ಎಂದು ಕೆಳಗೊಂದು ಸೀಲಿಂಗ್. ಹಿಂದಕ್ಕೊಂದು ಬಾಗಿಲೂ ಬೇಕು, ಅತ್ತು ಕಣ್ಣು ಕೆಂಪಾದವರು ಪಡಸಾಲೆ ದಾಟದೆ ಹೊರಗೆ ಹೋಗಲು.

ಒಬ್ಬ ಸಂಗಾತಿಯ ಒಂದು ತಿಂಗಳನ್ನಾದರೂ ನೀವು ವಹಿಸಿಕೊಳ್ಳಬೇಕೆಂದು ಕೈಮುಗಿದು ಕೇಳುತ್ತೇವೆ. ಆದಾಯ ತೆರಿಗೆ ವಿನಾಯಿತಿಗೆ 80ಜಿ ರಸೀದಿ ಕೊಡುತ್ತೇವೆ. ₹2,000 ಮೀರಿದ ನಗದಿಗೆ ಆ ವಿನಾಯಿತಿ ಸಿಗುವುದಿಲ್ಲವಾದ್ದರಿಂದ ದೊಡ್ಡ ಮೊತ್ತವನ್ನು ಚೆಕ್ಕು ಅಥವಾ ಬ್ಯಾಂಕಿನ ಮೂಲಕವೇ ಕಳಿಸಿ. ತಗಡು, ಸಿಮೆಂಟ್, ಟ್ರಂಕು ಕೊಡಿಸುವವರು ಖರೀದಿಗೆ ಮುಂಚೆ ಕಚೇರಿಯಿಂದ ಅಳತೆ ಪಡೆದುಕೊಳ್ಳಿ. ಮಾರ್ಚ್ ಎರಡನೇ ವಾರದೊಳಗೆ ಸಾಮಾನು ಬಂದರೆ ಗೌಂಡಿಯವರು ಆ ತಿಂಗಳೊಳಗೇ ಕೆಲಸ ಮುಗಿಸಿಕೊಡಲು ಒಪ್ಪಿದ್ದಾರೆ.