ನಲವತ್ತು ವರ್ಷಗಳ ಲೆಕ್ಕ ಬರೆದುಕೊಟ್ಟ ಸಹಪಾಠಿಗಳಿಗೆ

ನಮ್ಮ ಸಸ್ಯಶಾಸ್ತ್ರ ಸ್ನಾತಕೋತ್ತರ ತಂಡವು ಪದವಿ ಪಡೆದು 40 ವರ್ಷ ತುಂಬಿದ ಸಂದರ್ಭಕ್ಕೆಂದು ಸಿದ್ಧಪಡಿಸಿದ ಸ್ಮರಣ ಸಂಚಿಕೆ ಅಚ್ಚಾಗಿ ಎಲ್ಲರ ಕೈಸೇರಿದೆ. ಸಂಪಾದಕನ ಹೊಣೆಯನ್ನು ನನಗೆ ವಹಿಸಿ, ತಮ್ಮ ವೃತ್ತಿ ಮತ್ತು ಬದುಕಿನ ವಿವರಗಳನ್ನು ಅಳುಕಿಲ್ಲದೆ ಬರೆದು ಕಳುಹಿಸಿದ ಸಹಪಾಠಿಗಳಿಗೆ ಸಾರ್ವಜನಿಕವಾಗಿ ಕೃತಜ್ಞತೆ ಸಲ್ಲಿಸುವುದು ನನ್ನ ಕರ್ತವ್ಯ. ಸಂಚಿಕೆಯ ಅರಿಕೆಯಲ್ಲಿ ನಾಲ್ಕು ಸಾಲಿಗೆ ಮಾತ್ರ ಅವಕಾಶವಿದ್ದುದರಿಂದ ಉಳಿದುದನ್ನು ಇಲ್ಲಿ ಹೇಳುತ್ತಿದ್ದೇನೆ.

ಮೊದಲ ವಂದನೆ, ಪ್ರಶ್ನಾವಳಿಯಲ್ಲಿ ಕೊನೆಯ ಪ್ರಶ್ನೆ ಇರಲೇಬೇಕೆಂದು ಪಟ್ಟು ಹಿಡಿದ ಗೆಳತಿಗೆ ಸಲ್ಲಬೇಕು. ಹುದ್ದೆ, ಪ್ರಶಸ್ತಿ, ಪ್ರಕಟಣೆಗಳನ್ನಷ್ಟೇ ಕೇಳಿದರೆ ಅನೇಕರು ಬರೆಯಲು ಹಿಂಜರಿಯುತ್ತಾರೆ ಎಂಬುದು ಅವರ ವಾದವಾಗಿತ್ತು. ‘ನೀವು ಮಾಡಿದ ಕೆಲಸಗಳಲ್ಲಿ ಯಾವ ದಾಖಲೆಗೂ ಸೇರದೆ ಉಳಿದದ್ದು ಯಾವುದು?’ ಎಂಬ ಆ ಪ್ರಶ್ನೆಗೆ ಬಂದ ಉತ್ತರಗಳೇ ಸಂಚಿಕೆಯ ಜೀವಾಳವಾದವು. ದೊಡ್ಡ ಸಂಶೋಧನಾ ವಿಭಾಗವೊಂದರ ಮುಖ್ಯಸ್ಥರಾಗಿ ನಿವೃತ್ತರಾದವರು ತಮ್ಮ ಅಧಿಕಾರಾವಧಿಗೆ ಒಂದೇ ಸಾಲು ಮೀಸಲಿಟ್ಟು, ಹಾಸಿಗೆ ಹಿಡಿದಿದ್ದ ಅಕ್ಕನನ್ನು ನೋಡಿಕೊಂಡ ವರ್ಷಗಳ ಬಗ್ಗೆ ಎರಡು ಪುಟ ಬರೆದಿದ್ದಾರೆ. ಬ್ಯಾಂಕ್ ನೌಕರಿ ಹಿಡಿದು ಸಸ್ಯಶಾಸ್ತ್ರಕ್ಕೆ ಎರವಾದೆ ಎಂದು ಬಹುಕಾಲ ಕೊರಗಿದ್ದ ಗೆಳೆಯರು, ಬೆಳೆಸಾಲ ತೀರಿಸಲಾಗದವರ ಹೊಲಗಳಿಗೆ ಹೋದಾಗ ಎಲೆಯ ಮೇಲಿನ ಚುಕ್ಕೆಗಳಿಂದಲೇ ರೋಗವನ್ನು ಗುರುತಿಸಿ, ಇದು ರೈತರ ಅಲಕ್ಷ್ಯದಿಂದ ಆದ ನಷ್ಟವಲ್ಲವೆಂದು ವರದಿ ಬರೆದು, ಮರುಪಾವತಿಗೆ ಹೆಚ್ಚಿನ ಕಾಲಾವಕಾಶ ಕೊಡಿಸಿದ್ದನ್ನು ತಿಳಿಸಿದ್ದಾರೆ. ಆ ವರದಿಗಳಿಗಿಂತ ಮಿಗಿಲಾದ ಪ್ರೌಢಪ್ರಬಂಧವನ್ನು ನಮ್ಮ ತಂಡದಲ್ಲಿ ಯಾರೂ ಬರೆದಿಲ್ಲ ಎಂಬುದು ನನ್ನ ಅಭಿಪ್ರಾಯ.

ವೃತ್ತಿಜೀವನದುದ್ದಕ್ಕೂ ಒಣಗಿಸಿದ ಸಸ್ಯ ಮಾದರಿಗಳನ್ನು ಕಾಪಿಡುವ ಹರ್ಬೇರಿಯಂ ಒಂದರಲ್ಲಿ ಸಹಾಯಕಿಯಾಗಿದ್ದ ಸಹಪಾಠಿಯ ಬರಹವನ್ನು ಹೆಚ್ಚಿನವರು ಮತ್ತೆ ಮತ್ತೆ ಓದಿರುವುದಾಗಿ ತಿಳಿಸಿದ್ದಾರೆ. ಗಿಡವನ್ನು ಒತ್ತು ಕಾಗದಗಳ ನಡುವೆ ಹರಡಿ, ತೇವ ಹೀರಿದ ಕಾಗದವನ್ನು ತಪ್ಪದೆ ಬದಲಿಸಿ, ಒಣಗಿದ ಮೇಲೆ ದಪ್ಪ ಹಾಳೆಗೆ ಅಂಟಿಸಿ, ಅಂಟು ಹಿಡಿಯದ ಕಾಂಡವನ್ನು ದಾರದಿಂದ ಹೊಲಿದು, ಕೆಳಗೆ ಚೀಟಿ ಹಚ್ಚುವ ಕೆಲಸ ಅವರದಾಗಿತ್ತು. ಮುಂದೆ ಎಲ್ಲೋ ಒಬ್ಬ ಸಂಶೋಧಕರು ಆ ಹಾಳೆಯ ಸಂಖ್ಯೆಯನ್ನು ತಮ್ಮ ಲೇಖನದಲ್ಲಿ ನಮೂದಿಸುತ್ತಾರೆ. ಹೊಲಿದವರ ಹೆಸರು ಅಲ್ಲಿರುವುದಿಲ್ಲ. ಅವರು ಕಳುಹಿಸಿದ ಛಾಯಾಚಿತ್ರವನ್ನು ನಾವು ಪೂರ್ಣ ಪುಟದಲ್ಲಿ ಅಚ್ಚು ಹಾಕಿದ್ದೇವೆ. ಅದು ನಮ್ಮದೇ ಕ್ಷೇತ್ರ ಪ್ರವಾಸದಲ್ಲಿ ಸಂಗ್ರಹಿಸಿದ ಮಾದರಿ. ಚೀಟಿಯಲ್ಲಿರುವುದು ಈಗ ನಮ್ಮೊಂದಿಗಿಲ್ಲದ ಗೆಳೆಯನ ಅಕ್ಷರ. ‘ಹೂವು ತಿಳಿ ನೇರಳೆ, ಬುಡದಲ್ಲಿ ಹಳದಿ’ ಎಂದು ಆತ ಬರೆದಿದ್ದಾನೆ. ಒಣಗಿದ ಹೂವು ಬಣ್ಣ ಉಳಿಸಿಕೊಳ್ಳುವುದು ಅಪರೂಪ, ಹಾಳೆಯ ಮೇಲೆ ಈಗಿರುವುದು ಕಂದು ಮಾತ್ರ. ಆ ಹೂವಿನ ಬಣ್ಣ ಏನಿತ್ತೆಂದು ತಿಳಿಯಲು ಆ ಸಾಲೊಂದೇ ಆಧಾರ. ಚಿತ್ರವನ್ನು ಪ್ರಕಟಿಸಲು ಒಪ್ಪಿಗೆಯಿತ್ತ ಆತನ ಕುಟುಂಬದವರಿಗೆ ನಾವೆಲ್ಲರೂ ಋಣಿಗಳು.

‘ಹೇಳಿಕೊಳ್ಳುವಂಥದ್ದೇನೂ ನನ್ನಿಂದ ಆಗಲಿಲ್ಲ’ ಎಂದು ಆರಂಭಿಸಿ ಕೊನೆಗೂ ಬರೆದವರಿಗೆ ವಿಶೇಷ ವಂದನೆಗಳು. ಅವರಿಗೆ ನಾನು ನಮ್ಮ ಶಾಸ್ತ್ರದವರೇ ಆದ ಬಾರ್ಬರಾ ಮೆಕ್‌ಕ್ಲಿಂಟಾಕ್ ಅವರನ್ನು ನೆನಪಿಸಿದ್ದೆ. ಕಾರ್ನೆಲ್ ವಿಶ್ವವಿದ್ಯಾಲಯದಿಂದ 1927ರಲ್ಲಿ ಸಸ್ಯಶಾಸ್ತ್ರದ ಡಾಕ್ಟರೇಟ್ ಪಡೆದ ಅವರು, ವಂಶವಾಹಿಗಳನ್ನು ಹೊತ್ತ ವರ್ಣತಂತುಗಳಲ್ಲಿ ಜಾಗ ಬದಲಿಸುವ ಘಟಕಗಳಿವೆ ಎಂಬುದನ್ನು 1940ರ ದಶಕದಲ್ಲಿ ಮೆಕ್ಕೆಜೋಳದ ಕಾಳುಗಳ ಬಣ್ಣದ ಜಾಡು ಹಿಡಿದು ಕಂಡುಕೊಂಡರು. ಪದವಿಯ 40ನೇ ವರ್ಷವಾದ 1967ರಲ್ಲಿ ಅಧಿಕೃತವಾಗಿ ನಿವೃತ್ತರಾದಾಗ ಆ ಶೋಧದ ಮಹತ್ವ ಇನ್ನೂ ಹೆಚ್ಚಿನವರಿಗೆ ಮನದಟ್ಟಾಗಿರಲಿಲ್ಲ. ನೊಬೆಲ್ ಬಂದದ್ದು 1983ರಲ್ಲಿ, ಅವರ 81ನೇ ವಯಸ್ಸಿನಲ್ಲಿ. ಆರ್ಟಿಮಿಸಿಯ ಆನುವಾ ಗಿಡದಿಂದ ಮಲೇರಿಯಾ ಔಷಧವನ್ನು ಬೇರ್ಪಡಿಸಿದ ಟು ಯೂಯೂ ಅವರು ಬೀಜಿಂಗ್‌ನಲ್ಲಿ ವ್ಯಾಸಂಗ ಮುಗಿಸಿದ್ದು 1955ರಲ್ಲಿ, ನೊಬೆಲ್ ಪಡೆದದ್ದು 2015ರಲ್ಲಿ. ಇವರಿಬ್ಬರ ತರಗತಿಗಳು 40ನೇ ವರ್ಷಕ್ಕೆ ಸಾಧಕರ ಪಟ್ಟಿ ಮಾಡಿದ್ದರೆ ಆ ನೊಬೆಲ್‌ಗಳು ಅದರಲ್ಲಿ ಇರುತ್ತಿರಲಿಲ್ಲ. ಎಲ್ಲರಿಗೂ ಅಂಥ ಮನ್ನಣೆ ಬರುತ್ತದೆಂದು ನಾನು ಹೇಳುತ್ತಿಲ್ಲ. ಮಾಡಿದ ಕೆಲಸ ಮನ್ನಣೆಗಿಂತ ಮೊದಲೇ ಪೂರ್ಣವಾಗಿತ್ತು ಎಂಬುದಷ್ಟೇ ನನ್ನ ಮಾತು.

ಪದವೀಧರರ ಬದುಕಿನ ಹೆಸರಾಂತ ಅಧ್ಯಯನ 1938ರಲ್ಲಿ ಹಾರ್ವರ್ಡ್‌ನಲ್ಲಿ ಆರಂಭವಾದಾಗ ಅದಕ್ಕೆ ಆಯ್ದುಕೊಂಡಿದ್ದು ಪುರುಷ ವಿದ್ಯಾರ್ಥಿಗಳನ್ನು ಮಾತ್ರ. ಮಹಿಳಾ ಪದವೀಧರರನ್ನು ದಶಕಗಳ ಕಾಲ ಗಮನಿಸಿದ, ಅಮೆರಿಕದ ಮಿಲ್ಸ್ ಕಾಲೇಜಿನ ಅಧ್ಯಯನಕ್ಕೆ 1958ರವರೆಗೆ ಕಾಯಬೇಕಾಯಿತು. ನಮ್ಮ ಸಂಚಿಕೆಯಲ್ಲಿ, ಮಕ್ಕಳಿಗಾಗಿ ಸಂಶೋಧನೆ ನಿಲ್ಲಿಸಿ ಐವತ್ತು ದಾಟಿದ ಮೇಲೆ ಮತ್ತೆ ನೋಂದಾಯಿಸಿಕೊಂಡ ಸಹಪಾಠಿ ಆ ನಡುವಿನ ವರ್ಷಗಳನ್ನು ಬಿಡುವು ಎಂದು ಕರೆಯದೆ, ಪ್ರತಿ ವರ್ಷದ ದುಡಿಮೆಯನ್ನೂ ವಿವರವಾಗಿ ಬರೆದಿದ್ದಾರೆ. ಅದನ್ನು ಒಂದಕ್ಷರವೂ ಮೊಟಕುಗೊಳಿಸದೆ ಪ್ರಕಟಿಸಿದ್ದೇವೆ.

ಎಂಬತ್ತು ದಾಟಿದ ನಮ್ಮ ವರ್ಗೀಕರಣ ಶಾಸ್ತ್ರದ ಗುರುಗಳು ಇಡೀ ಕರಡನ್ನು ತಿದ್ದಿಕೊಟ್ಟರು. ಅವರೇ ನಮಗೆ ಅಕೇಶಿಯ ನೈಲೋಟಿಕ ಎಂದು ಕಲಿಸಿದ್ದ ಕರಿಜಾಲಿಯ ಹೆಸರನ್ನು ಕೆಂಪು ಶಾಯಿಯಲ್ಲಿ ಹೊಡೆದು ವಚೆಲಿಯ ನೈಲೋಟಿಕ ಎಂದು ಬರೆದು, 2005ರ ವಿಯೆನ್ನಾ ಅಂತರರಾಷ್ಟ್ರೀಯ ಸಸ್ಯಶಾಸ್ತ್ರ ಸಮ್ಮೇಳನದಲ್ಲಿ ಅಕೇಶಿಯ ಎಂಬ ಹೆಸರು ಆಸ್ಟ್ರೇಲಿಯದ ಸಸ್ಯಗಳ ಗುಂಪಿಗೆ ಉಳಿದದ್ದನ್ನು ಅಂಚಿನಲ್ಲಿ ವಿವರಿಸಿದ್ದರು. ನಿವೃತ್ತಿಯಾಗಿ ಇಷ್ಟು ಕಾಲದ ನಂತರವೂ ಪಾಠವನ್ನು ಪರಿಷ್ಕರಿಸುತ್ತಿರುವ ಗುರುಗಳಿಗೆ ನಮ್ಮೆಲ್ಲರ ಸಾಷ್ಟಾಂಗ ನಮಸ್ಕಾರ.

ಹಳೆಯ ಪ್ರವೇಶ ಪುಸ್ತಕಗಳನ್ನು ಹುಡುಕಿಕೊಟ್ಟ ವಿಭಾಗದ ಸಿಬ್ಬಂದಿಗೂ, ಅಚ್ಚಿನ ವೆಚ್ಚ ಭರಿಸಿ ಹೆಸರು ಬೇಡವೆಂದ ಮಿತ್ರರಿಗೂ ವಂದನೆಗಳು. ಬರೆಯಲು ಮನಸ್ಸಿಲ್ಲವೆಂದು ನೇರವಾಗಿ ತಿಳಿಸಿದವರ ನಿರ್ಧಾರವನ್ನು ಗೌರವಿಸಿದ್ದೇವೆ. ತಡವಾಗಿ ತಲುಪಿದ ಬರಹಗಳಿಗಾಗಿ ಅನುಬಂಧವೊಂದು ಸಿದ್ಧವಾಗುತ್ತಿದ್ದು, ಇನ್ನೂ ಬರೆಯಬಯಸುವವರು ಕಳುಹಿಸಬಹುದು, ಪುಟಮಿತಿ ಇರುವುದಿಲ್ಲ.